ಒಂದೇ ಪಂಕ್ತಿ, ಬೇರೆ ಬೇರೆ ಎಲೆ

“ಮನೆಯೇನು ಹೋಟೆಲಾ? ಮಾಡಿದ್ದನ್ನು ಎಲ್ಲರೂ ತಿನ್ನಬೇಕು.” ತಟ್ಟೆ ತಳ್ಳಿ ಏಳುವ ಮಗುವನ್ನು ಗದರಿಸಲು ಈ ಮಾತು ಸಾಕು. ಆದರೆ ಈಚೆಗೆ ಇದೇ ಮಾತು ದೊಡ್ಡವರ ನಡುವೆ ತತ್ತ್ವದ ವೇಷ ತೊಟ್ಟು ಓಡಾಡುತ್ತಿದೆ. ಒಬ್ಬರಿಗೆ ಗೋಧಿ ಆಗದು, ಒಬ್ಬರಿಗೆ ಉಪ್ಪು ಕೂಡದು, ಒಬ್ಬರು ಈರುಳ್ಳಿ ಮುಟ್ಟರು, ಒಬ್ಬರಿಗೆ ಮೀನಿಲ್ಲದೆ ಅನ್ನ ಇಳಿಯದು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಮಾಡುತ್ತ ಹೋದರೆ ಒಟ್ಟಿಗೆ ಉಣ್ಣುವುದಕ್ಕೆ ಅರ್ಥವೇ ಉಳಿಯುವುದಿಲ್ಲ, ಒಂದೇ ಪಾತ್ರೆಯಿಂದ ಬಡಿಸಿದ್ದನ್ನು ಎಲ್ಲರೂ ಉಂಡರೇನೇ ಸಮಾನತೆ ಎನ್ನುತ್ತಾರೆ. ಹೇಳುವವರು ಓದಿಕೊಂಡವರು, ಜಾತಿಯ ಪಂಕ್ತಿಭೇದವನ್ನು ಮನಸಾರೆ ದ್ವೇಷಿಸುವವರು. ಅದಕ್ಕೇ ಈ ಲೇಖಕಿಗೆ ಆ ಮಾತು ಹೆಚ್ಚು ಚುಚ್ಚುತ್ತದೆ. ಅದು ತಪ್ಪು ಎಂದು ಆಕೆಗೆ ಅನ್ನಿಸುತ್ತದೆ. ಯಾಕೆ ತಪ್ಪು ಎಂದು ಹೇಳಹೊರಟರೆ ದಾರಿ ಅಷ್ಟು ನೇರವಾಗಿಲ್ಲ.

ಆಕೆಯ ಅಡುಗೆಮನೆ ಮೈಸೂರಿನಲ್ಲಿದೆ; ಮನೆಯವರು ಮಂಡ್ಯ ಕಡೆಯವರು. ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಸಣ್ಣ ಕರುಳಿನ ಒಳಪದರವೇ ಹಾಳಾಗುತ್ತದೆ. ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮ ಕಡೆ ಇದು ಕಡಿಮೆ, ಹಾಗಾಗಿ ನೆಂಟರಿಗೆ ಅರ್ಥ ಮಾಡಿಸುವುದು ಕಷ್ಟ. “ಚಪಾತಿ ಬೇಡ ಅಂದರೆ ಬಿಡಿ, ಅನ್ನ ಸಾರು ತಿನ್ನಲಿ” ಎನ್ನುತ್ತಾರೆ. ಆದರೆ ಆ ಸಾರಿನಲ್ಲಿ ಇಂಗು ಇರುತ್ತದೆ. ಅಂಗಡಿಯ ಇಂಗು ಬಹುಪಾಲು ಅಪ್ಪಟ ಇಂಗಲ್ಲ, ಗೋಂದು ಮತ್ತು ಹಿಟ್ಟು ಬೆರೆಸಿದ್ದು; ಆ ಹಿಟ್ಟು ಎಷ್ಟೋ ಸಲ ಮೈದಾ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ಗಿರಣಿಯಲ್ಲಿ ಮುಂಚೆ ಗೋಧಿ ಬೀಸಿದ್ದರೆ ಮುದ್ದೆಯೂ ಮಗಳಿಗೆ ವಿಷ. ಗ್ಲುಟೆನ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಒಂದು ಕಿಲೋಗ್ರಾಂ ಪದಾರ್ಥದಲ್ಲಿ ಅದು 20 ಮಿಲಿಗ್ರಾಂ ಮೀರಬಾರದು ಎಂದು ನಿಯಮವಿದೆ. ಚಪಾತಿ ಲಟ್ಟಿಸಿದ ಮಣೆಯ ಮೇಲೆ ಅಕ್ಕಿರೊಟ್ಟಿ ತಟ್ಟಬಾರದು ಎನ್ನುವುದು ಈ ಲೆಕ್ಕದಿಂದ.

ಅತ್ತೆಯವರ ಕಿಡ್ನಿ ದುರ್ಬಲವಾಗಿದೆ. ಉಪ್ಪು ಕಡಿಮೆ, ಪೊಟ್ಯಾಷಿಯಂ ಹೆಚ್ಚಿರುವ ಎಳನೀರು, ಬಾಳೆಹಣ್ಣು, ಟೊಮೆಟೊ ಬಿಡಬೇಕು. ಉಪ್ಪು ಕಡಿಮೆ ಎಂದು ಕೇಳಿದವರು ಪ್ರೀತಿಯಿಂದ ಸೋಡಿಯಂ ಕಡಿಮೆಯಿರುವ ಉಪ್ಪಿನ ಪೊಟ್ಟಣ ತಂದುಕೊಡುತ್ತಾರೆ. ಅದರಲ್ಲಿ ಸೋಡಿಯಂ ಜಾಗದಲ್ಲಿ ಇರುವುದು ಪೊಟ್ಯಾಷಿಯಂ ಕ್ಲೋರೈಡ್. ಬಿ.ಪಿ. ಇರುವ ಎಷ್ಟೋ ಜನಕ್ಕೆ ಅದು ಒಳ್ಳೆಯದು, ಅತ್ತೆಗೆ ಅಪಾಯ. ಇನ್ನು ಬರುವ ಹೋಗುವವರಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣದ, ಗೆಡ್ಡೆಗೆಣಸು ಮುಟ್ಟದ ಜೈನ ಸ್ನೇಹಿತರಿದ್ದಾರೆ, ಹಲಾಲ್ ಅಲ್ಲದ ಮಾಂಸ ತಿನ್ನದ ಪಕ್ಕದ ಮನೆಯವರಿದ್ದಾರೆ.

ಇಂಥ ಅಡುಗೆಮನೆಗೆ ಹಳೆಯ ಜ್ಞಾನದಿಂದಾಗಲಿ ಹೊಸ ಜ್ಞಾನದಿಂದಾಗಲಿ ಸಿಗುವ ಸಹಾಯ ಕಡಿಮೆ. ಗೀತೆಯ ಹದಿನೇಳನೆಯ ಅಧ್ಯಾಯ ಆಹಾರವನ್ನು ಸಾತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುತ್ತದೆ. ಆಯುರ್ವೇದ ವಾತ ಪಿತ್ತ ಕಫ ನೋಡುತ್ತದೆ. ಇಂದಿನ ಪೌಷ್ಟಿಕಶಾಸ್ತ್ರ ಕ್ಯಾಲೊರಿ ಎಣಿಸುತ್ತದೆ. ಮೂರೂ ಉಣ್ಣುವ ಒಬ್ಬರನ್ನು ಮಾತ್ರ ಎದುರಿಗೆ ಕೂರಿಸಿಕೊಂಡು ಮಾತಾಡುತ್ತವೆ. ಐದಾರು ಜನ ಒಟ್ಟಿಗೆ ಕೂತಾಗ ಬಡಿಸುವವರು ಯಾರಿಗೆ ಏನು ಸಲ್ಲಿಸಬೇಕು ಎಂಬುದು ಅವುಗಳ ಪ್ರಶ್ನೆಯಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಗಾಂಧಿ. ಒಂದೇ ಅಡುಗೆಯ ವಾದಕ್ಕೆ ಅವರಿಗಿಂತ ಗಟ್ಟಿ ವಕೀಲರಿಲ್ಲ. 1910ರಲ್ಲಿ ಹರ್ಮನ್ ಕ್ಯಾಲೆನ್‌ಬಾಕ್ ಜೋಹಾನ್ಸ್‌ಬರ್ಗ್ ಹತ್ತಿರ ಸುಮಾರು 1,100 ಎಕರೆ ಜಮೀನು ಕೊಂಡು, ಜೈಲಿಗೆ ಹೋದ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿ ಗುಜರಾತಿಗಳು, ತಮಿಳರು, ತೆಲುಗರು, ಉತ್ತರ ಭಾರತದವರು ಇದ್ದರು. ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತರೆಲ್ಲ ಇದ್ದರು. ಮಾಂಸ ತಿನ್ನುವವರಿಗೆ ಏನು ಮಾಡುವುದು, ದನದ ಮಾಂಸ ಕೇಳಿದರೆ ಏನು ಮಾಡುವುದು, ಎಷ್ಟು ಅಡುಗೆಮನೆ ನಡೆಸುವುದು? ಗಾಂಧಿ ಇದನ್ನೆಲ್ಲ ತಮ್ಮ ‘ದಕ್ಷಿಣ ಆಫ್ರಿಕಾದ ಸತ್ಯಾಗ್ರಹ’ದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮುಸ್ಲಿಂ ಗೆಳೆಯರು ಸಸ್ಯಾಹಾರಿ ಅಡುಗೆಗೆ ಮೊದಲೇ ಒಪ್ಪಿದ್ದರು. ಉಳಿದವರು ಕ್ರೈಸ್ತ ಹೆಂಗಸರು. ಅವರ ಮುಂದೆ ಗಾಂಧಿ ಜಾಗದ ತೊಂದರೆ, ಹಣದ ತೊಂದರೆ, ತಮ್ಮ ಮನಸ್ಸಿನ ಭಾವನೆ ಎಲ್ಲವನ್ನೂ ಇಟ್ಟರು. ಆದರೂ ಬೇಕೆಂದರೆ ದನದ ಮಾಂಸವನ್ನೂ ಒದಗಿಸುವುದಾಗಿ ಮಾತು ಕೊಟ್ಟರು. ಹೆಂಗಸರು ಮಾಂಸ ಬೇಡವೆಂದರು. ಅಡುಗೆಯ ಜವಾಬ್ದಾರಿ ಅವರಿಗೇ ಬಂತು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರು, ಅವರವರ ತಟ್ಟೆ ಅವರವರು ತೊಳೆದರು.

ಇದರ ಘನತೆಗೆ ತಲೆಬಾಗದಿರುವುದು ಕಷ್ಟ. ನೂರು ಬಗೆಯ ಮಡಿಮೈಲಿಗೆಯ ಹೊರೆ ಹೊತ್ತು ಬಂದ ಜನ ಒಂದು ಸಾಲಿನಲ್ಲಿ ಕೂತದ್ದು ಸಣ್ಣ ಸಂಗತಿಯಲ್ಲ. ಅದಕ್ಕೆ ತಕ್ಕ ಬೆಲೆಯೆಂದರೆ ನಾಲ್ಕು ದಿನದ ಮಾಂಸ ಎಂದು ಯಾರಾದರೂ ಅಂದರೆ ಏನು ಹೇಳುವುದು? ಸಿಖ್ಖರ ಲಂಗರ್ ಕೂಡ ಇದೇ ವಿವೇಕದಿಂದ ಸಸ್ಯಾಹಾರವನ್ನು ಇಟ್ಟುಕೊಂಡಿದೆ: ಬಂದವರು ಯಾರೇ ಆಗಲಿ, ಅನುಮಾನವಿಲ್ಲದೆ ಉಣ್ಣುವಂತಿರಬೇಕು.

ಆದರೆ ಈ ಲೇಖಕಿ ಆ ಹೆಂಗಸರ ಒಪ್ಪಿಗೆಯ ಹತ್ತಿರ ತಡೆದು ನಿಲ್ಲುತ್ತಾಳೆ. ಗಂಡ, ಮಗ ಜೈಲಿನಲ್ಲಿ. ತಲೆಯ ಮೇಲಿನ ಸೂರು ಇನ್ನೊಬ್ಬರದು. ಎದುರಿಗೆ ಕೂತು ಕೇಳುತ್ತಿರುವವರು ಗಾಂಧಿ. ಅಂಥ ಹೊತ್ತಿನಲ್ಲಿ “ನಮಗೆ ಮಾಂಸ ಬೇಕು” ಎಂದು ಬಾಯಿ ಬಿಡುವುದು ಎಷ್ಟು ಜನಕ್ಕೆ ಸಾಧ್ಯ? ನಮ್ಮ ಮನೆಗಳಿಗೆ ಬರುವ ಅತಿಥಿಗಳೂ ಹೀಗೆಯೇ. “ನನಗೋಸ್ಕರ ಏನೂ ಮಾಡಬೇಡಿ, ಇದ್ದದ್ದೇ ಸಾಕು” ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರು ಹೋಳಿಗೆಯ ಒಂದು ಚೂರು ಮುರಿದು ಎಲೆಯ ಅಂಚಿಗೆ ಸರಿಸಿ, ಉಂಡೆವು ಎನ್ನುತ್ತಾರೆ. ಸೌಜನ್ಯಕ್ಕೆ ಹೇಳಿದ್ದನ್ನು ಒಪ್ಪಿಗೆ ಎಂದು ತೆಗೆದುಕೊಂಡರೆ ಒಂದೇ ಅಡುಗೆಯ ಸಿದ್ಧಾಂತ ಎಲ್ಲಿ ಬೇಕಾದರೂ ಗೆಲ್ಲುತ್ತದೆ. ಸೋತವರು ಸದ್ದು ಮಾಡುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ, ಅದೂ ಗಾಂಧಿಯದೇ ಫಾರ್ಮಿನದು. ರಂಜಾನ್ ಬಂದಾಗ ಮುಸ್ಲಿಂ ಹುಡುಗರ ಜೊತೆ ಉಳಿದವರೂ ಉಪವಾಸ ಹಿಡಿದರು. ಆದರೆ ಒಂದೇ ಅಳತೆಯಲ್ಲಿ ಅಲ್ಲ. ಮುಸ್ಲಿಮರು ಸೂರ್ಯ ಮುಳುಗುವತನಕ ಕಾಯುತ್ತಿದ್ದರು. ಉಳಿದವರು ಮೊದಲೇ ಉಂಡು, ಗೆಳೆಯರಿಗಾಗಿ ರುಚಿರುಚಿಯಾದದ್ದನ್ನು ಮಾಡಿ ಬಡಿಸುತ್ತಿದ್ದರು. ಬೆಳಗಿನ ಜಾವದ ಊಟಕ್ಕೆ ಉಳಿದವರು ಏಳಬೇಕಾಗಿರಲಿಲ್ಲ. ನೀರು ಕುಡಿಯುವುದಕ್ಕೂ ಅವರಿಗೆ ಅಡ್ಡಿಯಿರಲಿಲ್ಲ. ಹೊತ್ತು ಬೇರೆ, ಊಟ ಬೇರೆ, ನಿಯಮ ಬೇರೆ. ಆದರೂ ಅಲ್ಲಿ ಒಡಕು ಮೂಡಲಿಲ್ಲ, ಹತ್ತಿರವಾದರು. ಒಂದೇ ಪಾತ್ರೆಯ ವಾದವನ್ನು ಅಲ್ಲಾಡಿಸಲು ಗಾಂಧಿಯ ಈ ನೆನಪೇ ಸಾಕು ಎಂಬುದು ಆಕೆಯ ನಂಬಿಕೆ.

ಹಾಗಾದರೆ ಪಂಕ್ತಿಭೇದ ಎಂದರೆ ಯಾವುದು? ಎಲೆಯ ಮೇಲಿನ ಪದಾರ್ಥ ಬೇರೆಯಾಗುವುದೇ? 2021ರ ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ಇದು ಬೀದಿಯ ಚರ್ಚೆಯಾಯಿತು. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟದಲ್ಲಿ ಸರ್ಕಾರ ಮೊಟ್ಟೆ ಕೊಡತೊಡಗಿತು, ಬೇಡ ಎಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು: ಒಂದೇ ಸಾಲಿನಲ್ಲಿ ಒಬ್ಬರಿಗೆ ಮೊಟ್ಟೆ, ಒಬ್ಬರಿಗೆ ಬಾಳೆಹಣ್ಣು ಕೊಟ್ಟರೆ ಮಕ್ಕಳಲ್ಲಿ ಭೇದ ಹುಟ್ಟುತ್ತದೆ. ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಮೊಟ್ಟೆ ಬೇಕೆಂದು ಖಡಾಖಂಡಿತವಾಗಿ ಆಡಿದ ಮಾತು ಆಗ ನಾಡೆಲ್ಲ ಹರಡಿತು. ಈಗ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು ಸೇರಿ ಯೋಜನೆ ವಾರಕ್ಕೆ ಆರು ದಿನಕ್ಕೆ ಬೆಳೆದಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಭೇದವನ್ನು ವಿರೋಧಿಸುವ ಭಾಷೆಯಲ್ಲೇ ಅಲ್ಲಿ ಹಸಿದ ಮಗುವಿನ ಮೊಟ್ಟೆಯನ್ನು ಕಿತ್ತುಕೊಳ್ಳುವ ವಾದ ಹೂಡಲಾಯಿತು. ಪಂಕ್ತಿಭೇದದಲ್ಲಿ ನೋಯಿಸುವುದು ಅನ್ನ ಬೇರೆಯಾಗಿದ್ದು ಅಲ್ಲವೇ ಅಲ್ಲ. ಅನ್ನ ಒಂದೇ ಆಗಿದ್ದರೂ ಒಬ್ಬರಿಗೆ ಒಳಗೆ, ಒಬ್ಬರಿಗೆ ಹೊರಗೆ. ಒಬ್ಬರಿಗೆ ಮೊದಲು, ಒಬ್ಬರಿಗೆ ಉಳಿದದ್ದು. ಇತ್ತ ಪದಾರ್ಥ ಬೇರೆಯಾಗಿದ್ದರೂ ಕೂರುವ ಜಾಗ ಒಂದೇ, ಬಡಿಸುವ ಕೈಯ ಮರ್ಯಾದೆ ಒಂದೇ ಆಗಿದ್ದರೆ ಅಲ್ಲಿ ಭೇದವಿಲ್ಲ. ಹಿಂದೆ ಎಲ್ಲ ಮನೆಗಳಲ್ಲಿ ಒಂದೇ ಅಡುಗೆಯಿತ್ತು ಎನ್ನುವುದೂ ಸುಳ್ಳು. ಬಾಣಂತಿಗೆ ಬೇರೆ ಅಡುಗೆ, ಜ್ವರದವರಿಗೆ ಗಂಜಿ. ಮಾಧ್ವರ ಮನೆಯಲ್ಲಿ ಚಾತುರ್ಮಾಸ್ಯ ಹಿಡಿದವರಿಗೆ ಒಂದು ತಿಂಗಳು ತರಕಾರಿ ಇಲ್ಲ, ಇನ್ನೊಂದು ತಿಂಗಳು ಮೊಸರಿಲ್ಲ, ಮತ್ತೊಂದು ತಿಂಗಳು ಹಾಲಿಲ್ಲ, ಕೊನೆಗೆ ದ್ವಿದಳ ಧಾನ್ಯವಿಲ್ಲ. ಅಡುಗೆಯವರಿಗೆ ಇದೆಲ್ಲ ಬಾಯಿಪಾಠವಾಗಿತ್ತು.

ಆದರೆ ಅದೇ ಹಳೆಯ ಮನೆಗಳಲ್ಲಿ ಗಂಡ ಸತ್ತ ಹೆಂಗಸಿಗೆ ರಾತ್ರಿಯ ಅನ್ನವಿರಲಿಲ್ಲ. ಅದೂ ಬೇರೆ ಊಟವೇ. ಹಾಗಾಗಿ ಬೇರೆ ಎಲೆ ಎಂದರೆ ಅಕ್ಕರೆ ಎಂದು ಸುಮ್ಮನೆ ಹೇಳಿಬಿಡುವಂತಿಲ್ಲ. ಬೇರೆ ಬೇಕೆಂದು ಹೇಳಿದವರು ಯಾರು, ಉಣ್ಣುವವರೋ ಅವರ ತಲೆಯ ಮೇಲೆ ಕೂತವರೋ? ಈ ಒಂದು ಪ್ರಶ್ನೆಯಿಂದ ಬಾಣಂತಿಯ ಊಟವೂ ವಿಧವೆಯ ಉಪವಾಸವೂ ಬೇರೆಬೇರೆಯಾಗಿ ಕಾಣುತ್ತವೆ. ಇಷ್ಟರವರೆಗೆ ವಾದ ಗಟ್ಟಿಯಾಗಿ ನಿಲ್ಲುತ್ತದೆ.

ಅಡುಗೆಯೇ ಈ ವಾದಕ್ಕೆ ಬೆಂಬಲ ಕೊಡುತ್ತದೆ. ಮಂಡ್ಯ ಸೀಮೆಯ ಬಸ್ಸಾರನ್ನು ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದರೆ ಕಟ್ಟು ಒಂದು ಕಡೆ, ಬೆಂದ ಸೊಪ್ಪು ಒಂದು ಕಡೆ. ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯುವಾಗ ಸೊಪ್ಪಿನ ಪೊಟ್ಯಾಷಿಯಂನಲ್ಲಿ ಒಂದಷ್ಟು ನೀರಿಗೆ ಇಳಿಯುತ್ತದೆ. ಆದ್ದರಿಂದ ಕಟ್ಟಿನ ಸಾರು ಉಳಿದವರಿಗೆ, ಬಸಿದ ಪಲ್ಯದಲ್ಲಿ ವೈದ್ಯರು ಹೇಳಿದಷ್ಟು ಅತ್ತೆಗೆ, ಉಪ್ಪು ಬೀಳುವ ಮೊದಲೇ ತೆಗೆದಿಟ್ಟು. ಮನೆಯಲ್ಲೇ ಬೀಸಿದ ರಾಗಿಯ ಮುದ್ದೆ ಮಗಳಿಗೂ ಆಯಿತು, ಎಲ್ಲರಿಗೂ ಆಯಿತು. ನಮ್ಮ ಅಡುಗೆಯಲ್ಲಿ ಉಪ್ಪು, ಇಂಗು, ಒಗ್ಗರಣೆ ಬರುವುದು ಕೊನೆಗೆ. ಅಲ್ಲಿಯತನಕ ಒಂದೇ ಪಾತ್ರೆ, ಅಲ್ಲಿಂದ ಮುಂದೆ ಕವಲು. ಜೈನ ಸ್ನೇಹಿತರು ಬರುವ ದಿನ ಎಲ್ಲರೂ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಕೂರುತ್ತಾರೆ; ಅದರಿಂದ ಯಾರಿಗೂ ನಷ್ಟವಾಗಿಲ್ಲ.

ಇಲ್ಲಿ ಗಾಂಧಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಎಷ್ಟು ಅಡುಗೆಮನೆ ನಡೆಸುವುದು ಎಂದು ಅವರು ಕೇಳಿದ್ದು ದುಡಿಮೆಯ ಪ್ರಶ್ನೆ. ಈ ಕವಲುಗಳನ್ನೆಲ್ಲ ನೆನಪಿಟ್ಟುಕೊಳ್ಳುವ ತಲೆ ಯಾರದು? ಯಾವ ಸೌಟು ಯಾವುದಕ್ಕೆ ಹೋಗಬಾರದು, ಯಾರ ಪಾಲು ತೆಗೆದಾದ ಮೇಲೆ ಉಪ್ಪು ಹಾಕಬೇಕು ಎಂದು ಎಚ್ಚರವಾಗಿರುವ ಮನಸ್ಸು ಯಾರದು? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಮನೆಗೆಲಸಕ್ಕೆ ಕೈ ಹಾಕುವ ಗಂಡಸರೇ ನಾಲ್ವರಲ್ಲಿ ಒಬ್ಬರು. ಹೀಗಿರುವಾಗ ಎಲ್ಲರ ಎಲೆಯೂ ಅವರವರ ದೇಹಕ್ಕೆ ತಕ್ಕಂತಿರಲಿ ಎಂದು ಹಾಡಿಹೊಗಳುವುದೆಂದರೆ, ಒಬ್ಬ ಹೆಂಗಸಿನ ಬೆನ್ನಿನ ಮೇಲೆ ಎಲ್ಲರ ಸ್ವಾತಂತ್ರ್ಯ ಕಟ್ಟುವುದು. ಒಂದೇ ಅಡುಗೆಗೆ ಇಳಿದರೆ ಅವಳಿಗಾದರೂ ಉಸಿರಾಡಲು ಬಿಡುವು. ಈ ವಾದಕ್ಕೆ ಈ ಲೇಖಕಿಯ ಬಳಿ ಪೂರ್ತಿ ಉತ್ತರವಿಲ್ಲ. ಗಂಡಸರೂ ಸೌಟು ಹಿಡಿಯಲಿ ಎಂಬುದು ನ್ಯಾಯ. ಇವತ್ತು ರಾತ್ರಿಯ ಊಟಕ್ಕೆ ಅದು ಒದಗುವ ಮನೆಗಳು ಕಡಿಮೆ.

ಕಷ್ಟ ಇನ್ನೂ ಒಂದಿದೆ, ಅದು ಮೂಲಕ್ಕೇ ಕೈ ಹಾಕುತ್ತದೆ. ಮಗಳಿಗಾಗಿ ಆ ಮನೆಯಲ್ಲಿ ಬೇರೆ ತವೆ, ಬೇರೆ ಸೌಟು, ಬೇರೆ ಮಣೆ, ಬೇರೆ ಕಪಾಟು. ಗೋಧಿ ಮುಟ್ಟಿದ ಕೈ ತೊಳೆಯದೆ ಆ ಕಪಾಟು ಮುಟ್ಟುವಂತಿಲ್ಲ. ಮಡಿಯನ್ನು ಜೀವನವಿಡೀ ವಿರೋಧಿಸಿದವಳು ಈಗ ಮಡಿಯಂತೆಯೇ ಕಾಣುವ ಒಂದನ್ನು ದಿನವೂ ಪಾಲಿಸುತ್ತಾಳೆ. ವ್ಯತ್ಯಾಸ ಸ್ಪಷ್ಟವಿದೆ ಎಂದು ಮೊದಲು ಅನ್ನಿಸುತ್ತದೆ: ಒಂದಕ್ಕೆ ಅಳತೆ ಇದೆ, ಕರುಳಿನ ಗಾಯ ಇದೆ, ಇನ್ನೊಂದು ಮನುಷ್ಯರನ್ನೇ ಮೈಲಿಗೆ ಎನ್ನುತ್ತದೆ. ಸರಿ. ಆದರೆ ಹುಟ್ಟಿದಂದಿನಿಂದ ಮಾಂಸದ ವಾಸನೆ ತಿಳಿಯದ ಒಬ್ಬರಿಗೆ, ಮೀನು ಹುರಿದ ಬಾಣಲೆಯಲ್ಲಿ ಮಾಡಿದ ಪಲ್ಯವೆಂದು ಗೊತ್ತಾದರೆ ಹೊಟ್ಟೆ ತೊಳಸುವುದೂ ನಿಜವೇ. ಹಾಗಲಕಾಯಿ ಬೇಡ ಎನ್ನುವ ಮಗುವಿನ ಹಟವಲ್ಲ ಅದು. ದೇಹದ್ದು ಮೊದಲು, ನಂಬಿಕೆಯದು ಆಮೇಲೆ, ನಾಲಗೆಯದು ಕೊನೆಗೆ ಎಂದು ಆಕೆ ಒಂದು ಕ್ರಮ ಹಾಕಿಕೊಂಡಿದ್ದಳು. ನಂಬಿಕೆಯೂ ದೇಹದೊಳಗೇ ಮನೆ ಮಾಡಿಕೊಂಡಿರುವವರ ಮುಂದೆ ಆ ಕ್ರಮ ನಿಲ್ಲುವುದಿಲ್ಲ.

ಬೀಗರ ಕಡೆಯ ಹಿರಿಯ ದಂಪತಿ ಇದೇ ಪ್ರಶ್ನೆ ತಂದಿದ್ದಾರೆ. ಮನೆಯಲ್ಲಿ ಬೇರೆ ಒಲೆಯಲ್ಲಿ ಮಾಂಸ ಬೇಯುತ್ತಿದ್ದರೂ ಅವರು ಉಣ್ಣುವುದಿಲ್ಲ. ಸೀಲಿಯಾಕ್ ಇರುವ ಮಗಳು ಕೇಳುವುದು ತನ್ನ ಎಲೆಯ ಶುದ್ಧಿಯನ್ನು. ಇವರು ಕೇಳುತ್ತಿರುವುದು ಇತರರ ಎಲೆ ಹೇಗಿರಬೇಕು ಎಂಬುದನ್ನೂ. ಪಂಕ್ತಿ ಒಂದೇ, ಎಲೆ ಬೇರೆ ಎಂಬ ವಾದ ಇವರಿಗೆ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆ ಎನ್ನುವ ಮನೆ ಮಾಲೀಕರೂ ಇದನ್ನೇ ಅಲ್ಲವೇ ಕೇಳುವುದು, ಅವರಿಗೆ ಇಲ್ಲ ಅಂದವಳು ಇವರಿಗೆ ಹೂಂ ಅನ್ನುವುದು ಹೇಗೆ? ಆದರೆ ಮಾಲೀಕರ ಕೈಯಲ್ಲಿ ಬೀಗದ ಕೈ ಇದೆ. ಈ ಮುದುಕರ ಕೈಯಲ್ಲಿ ಏನೂ ಇಲ್ಲ. ಒಂದು ಹೊತ್ತು ಉಪವಾಸವಿದ್ದು ಎದ್ದು ಹೋಗಬಲ್ಲರು, ಅಷ್ಟೆ. ಒಂದು ದಿನ ಮಾಂಸ ಮಾಡದಿದ್ದರೆ ಏನಾಯಿತು ಎನ್ನುತ್ತಾರೆ ಆಕೆಯ ಗಂಡ. ನಾವು ಉಣ್ಣುವುದನ್ನು ಮುಚ್ಚಿಟ್ಟು ಯಾಕೆ ಬದುಕಬೇಕು ಎನ್ನುತ್ತಾರೆ ಅತ್ತೆ. ಇಬ್ಬರ ಮಾತೂ ಆಕೆಗೆ ಸರಿ ಅನ್ನಿಸುತ್ತದೆ. ಗಾಂಧಿಯಾಗಿದ್ದರೆ ಬೀಗರ ಎದುರು ಕೂತು, ಬೇಕೆಂದರೆ ಮಾಂಸವನ್ನೂ ಮಾಡುತ್ತೇವೆ, ಬೇಡವೆಂದರೆ ಬಿಡುತ್ತೇವೆ, ನೀವೇನು ಹೇಳುತ್ತೀರಿ ಎಂದು ಅವರನ್ನೇ ಕೇಳುತ್ತಿದ್ದರೇನೋ. ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹಾಗೆ ಕೇಳುವ ಧೈರ್ಯ ಈ ಲೇಖಕಿಗೆ ಇನ್ನೂ ಬಂದಿಲ್ಲ, ಮತ್ತು ಯುಗಾದಿಗೆ ಅವರು ಬರುತ್ತಿದ್ದಾರೆ; ಮರುದಿನ ಮಾಂಸದೂಟದ ವರ್ಷದೊಡಕು.