ಪಲ್ಲವಿ ಮರಳಿ ಬಂದಾಗ

ಹಾಡು ಬರೆಯುವವರ ಮೊಬೈಲ್ ತೆಗೆದು ನೋಡಿದರೆ ಅಲ್ಲಿ ಸಿಗುವುದು ಹೆಚ್ಚಾಗಿ ಹಾಡುಗಳಲ್ಲ, ಪಲ್ಲವಿಗಳು. ಬಸ್ಸಿನಲ್ಲಿ ಗುನುಗಿದ್ದು, ಅಡುಗೆಮನೆ ಪಕ್ಕ ನಿಂತು ಅವಸರದಲ್ಲಿ ರೆಕಾರ್ಡ್ ಮಾಡಿದ್ದು, ಮಧ್ಯದಲ್ಲಿ ಕುಕ್ಕರ್ ಸೀಟಿ ಹೊಡೆದದ್ದು. ಪಲ್ಲವಿ ತಾನಾಗಿ ಬಂದುಬಿಡುತ್ತದೆ, ಚರಣವನ್ನು ಕೂತು ಕಟ್ಟಬೇಕು. ಇವುಗಳಲ್ಲಿ ಯಾವುದಕ್ಕೆ ಆ ಶ್ರಮ ಹಾಕಬೇಕು ಎಂಬುದು ಬರೆಯುವವರೆಲ್ಲರಿಗೂ ಎದುರಾಗುವ ಪ್ರಶ್ನೆ.

ಶುರು ಮಾಡಿದ್ದನ್ನೆಲ್ಲ ಮುಗಿಸು, ಕೈ ಪಳಗುತ್ತದೆ ಎನ್ನುವವರಿದ್ದಾರೆ. ಹೊಸಬರಿಗೆ ಈ ಮಾತು ಸರಿ, ಏಕೆಂದರೆ ಚರಣ ಕಟ್ಟುವ ಕಸುಬು ಚರಣ ಕಟ್ಟದೆ ಬರುವುದಿಲ್ಲ. ಆದರೆ ಎಲ್ಲವನ್ನೂ ಮುಗಿಸುವ ಕೈ ಬಹುಬೇಗ ತುಂಬಿಸುವುದನ್ನು ಕಲಿಯುತ್ತದೆ. ಮಾತ್ರೆ ಕೂಡುತ್ತದೆ, ಪ್ರಾಸವೂ ಕೂಡುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಚೆನ್ನಾಗಿರುವುದನ್ನು ಮಾತ್ರ ಮುಗಿಸು ಎನ್ನುವವರದು ಇನ್ನೊಂದು ಬಗೆಯ ತಪ್ಪು. ಪಲ್ಲವಿಯ ಅಂದವನ್ನು ನೋಡಿ ಹಾಡಿನ ಯೋಗ್ಯತೆ ಅಳೆಯುವುದಾದರೆ ಎಲ್ಲ ಪಲ್ಲವಿಗಳೂ ಪಾಸಾಗುತ್ತವೆ. ಹುಟ್ಟಿದ ದಿನವಂತೂ ಖಂಡಿತ.

ನನಗೆ ಕಂಡಂತೆ ಕೇಳಬೇಕಾದ ಪ್ರಶ್ನೆ ಬೇರೆ. ನಮ್ಮ ಹಾಡುಗಳಲ್ಲಿ ಪಲ್ಲವಿ ಪ್ರತಿ ಚರಣದ ನಂತರ ಮರಳಿ ಬರುತ್ತದೆ. ಅದೇ ಪದ, ಅದೇ ರಾಗ. ಹಾಗೆ ಬಂದಾಗ ಅದರ ಅರ್ಥ ಕೊಂಚವಾದರೂ ಬದಲಾಗಿರಬಲ್ಲದೇ? ಬದಲಾಗುವುದಾದರೆ ಚರಣಕ್ಕೆ ಕೆಲಸವಿದೆ ಎಂದಾಯಿತು. ಇಲ್ಲವಾದರೆ ಪಲ್ಲವಿ ತನ್ನ ಮಾತನ್ನು ಆಗಲೇ ಮುಗಿಸಿದೆ, ಇನ್ನು ನಾವು ಸೇರಿಸುವುದೆಲ್ಲ ದಂಡ.

‘ಬಾಗಿಲು ತೆರೆದೇ ಇದೆ’ ಎಂಬ ಸಾದಾ ಸಾಲನ್ನೇ ತೆಗೆದುಕೊಳ್ಳಿ. ಮೊದಲ ಸಲ ಕೇಳಿದಾಗ ಅದು ಕರೆ. ಮಗ ಊರು ಬಿಟ್ಟು ಹೋದದ್ದನ್ನು ಒಂದು ಚರಣ ಹೇಳಿದರೆ, ಮರಳಿ ಬಂದ ಅದೇ ಸಾಲು ಅಮ್ಮ ಕಾಯುವುದಾಗುತ್ತದೆ. ಮುಂದಿನ ಚರಣದಲ್ಲಿ ಕಾಯುವವಳೂ ಇಲ್ಲವಾದಳು ಎನ್ನಿ. ಆಗ ತೆರೆದಿರುವುದು ಹಾಳುಮನೆಯ ಬಾಗಿಲು. ಒಂದಕ್ಷರವೂ ಬದಲಾಗಿಲ್ಲ! ಈಗ ‘ನೀ ಬಂದರೆ ವಸಂತ’ ಎಂಬುದನ್ನು ನೋಡಿ. ಒಂದು ಚರಣದಲ್ಲಿ ಕೋಗಿಲೆ, ಇನ್ನೊಂದರಲ್ಲಿ ಮಾವಿನ ಚಿಗುರು. ಎರಡನ್ನೂ ಅದಲುಬದಲು ಮಾಡಿ ಹಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಅದಲುಬದಲು ಮಾಡಿದರೂ ನಷ್ಟವಾಗದ ಹಾಡನ್ನು ಅರ್ಧಕ್ಕೇ ಬಿಟ್ಟರೂ ನಷ್ಟವಿಲ್ಲ.

ಸಿನಿಮಾದವರನ್ನು ಕೇಳಿದರೆ ನಕ್ಕಾರು. ನಾಳೆ ರೆಕಾರ್ಡಿಂಗ್ ಇಟ್ಟುಕೊಂಡವನಿಗೆ ಈ ಜಿಜ್ಞಾಸೆಗೆ ಪುರುಸೊತ್ತೆಲ್ಲಿ? ಚಿ. ಉದಯಶಂಕರ್ ಟ್ಯೂನ್ ಕೇಳಿ ಅಲ್ಲೇ ಬರೆದುಕೊಡುವುದಕ್ಕೆ ಹೆಸರಾಗಿದ್ದವರು, ಬರೆದದ್ದು ಸಾವಿರಾರು ಹಾಡು. ಆದರೆ ಅದೇ ಉದಯಶಂಕರ್ ರಾಜ್‌ಕುಮಾರ್ ಅವರ ಎಷ್ಟೋ ಚಿತ್ರಗಳಿಗೆ ಸಂಭಾಷಣೆ ಬರೆದವರು ಕೂಡ. ಯಾರು ಯಾರಿಗೆ ಹಾಡುತ್ತಿದ್ದಾರೆ, ಹಾಡಿಗೆ ಮೊದಲು ಏನಾಗಿತ್ತು, ಆಮೇಲೆ ಏನಾಗಲಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಪಲ್ಲವಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದನ್ನು ಸನ್ನಿವೇಶವೇ ತೀರ್ಮಾನಿಸಿರುತ್ತಿತ್ತು. ಮನೆಯಲ್ಲಿ ಒಬ್ಬನೇ ಕೂತು ಬರೆಯುವವನಿಗೆ ಆ ಸನ್ನಿವೇಶವನ್ನು ಯಾರೂ ಹೇಳಿಕೊಡುವುದಿಲ್ಲ. ಅವನು ಹೆಣಗಾಡುವುದು ಪದಕ್ಕಲ್ಲ, ಅದಕ್ಕೆ.

ಜೋಗುಳ, ಭಜನೆ, ಕೋಲಾಟದ ಪದಗಳಿಗೆ ಈ ಅಳತೆಗೋಲು ಹಿಡಿಯಬಾರದು. ಮರಳಿ ಬಂದದ್ದು ಹಾಗೇ ಇರುವುದರಲ್ಲೇ ಅವುಗಳ ಸುಖ. ನಾನು ಹೇಳುತ್ತಿರುವುದು ಒಬ್ಬರು ಹಾಡಿ ಉಳಿದವರು ಕೂತು ಕೇಳುವ ಹಾಡಿನ ಮಾತು.

ಕೊನೆಯಿಲ್ಲದೆ ಬರೆಯುತ್ತಲೇ ಹೋಗುವ ಸಂಕಟ ಬೇರೆಯೇ. ಕೆನಡಾದ ಲಿಯೊನಾರ್ಡ್ ಕೋಹೆನ್ ‘ಹಲ್ಲೆಲೂಯಾ’ಗೆ ವರ್ಷಗಟ್ಟಲೆ ತಿಣುಕಿ, ಹಾಡಲಾರದಷ್ಟು ಚರಣ ಬರೆದಿಟ್ಟಿದ್ದ. 1984ರಲ್ಲಿ ಅದು ಬಂದಾಗ ಅಷ್ಟಾಗಿ ಯಾರೂ ಗಮನಿಸಲಿಲ್ಲ. ಜಾನ್ ಕೇಲ್ ಎಂಬ ಇನ್ನೊಬ್ಬ ಗಾಯಕ ಸಾಹಿತ್ಯ ಕಳಿಸು ಎಂದಾಗ ಹದಿನೈದು ಪುಟಗಳಷ್ಟು ಫ್ಯಾಕ್ಸ್ ಬಂತಂತೆ. ಕೇಲ್ ಅದರಲ್ಲಿ ತನಗೆ ಬೇಕಾದಷ್ಟನ್ನು ಆರಿಸಿ 1991ರಲ್ಲಿ ಹಾಡಿದ. ಜೆಫ್ ಬಕ್ಲಿ 1994ರಲ್ಲಿ ಹಿಡಿದದ್ದು ಕೇಲ್‌ನ ದಾರಿಯನ್ನೇ, ಜಗತ್ತಿಗೆ ಹಬ್ಬಿದ್ದು ಆ ರೂಪವೇ. ಅಲ್ಲಿ ಪಲ್ಲವಿ ಎಂದರೆ ಒಂದೇ ಪದ. ಭಕ್ತಿಗೂ ಸಲ್ಲುತ್ತದೆ, ಸೋಲಿಗೂ ಸಲ್ಲುತ್ತದೆ, ಹಾಸಿಗೆಗೂ ಸಲ್ಲುತ್ತದೆ. ಅಷ್ಟು ಬದಲಾಗಬಲ್ಲ ಪಲ್ಲವಿ ಎಷ್ಟು ಚರಣವನ್ನಾದರೂ ಬೇಡುತ್ತದೆ, ಬರೆದವನಿಗೇ ಯಾವುದನ್ನು ಬಿಡಬೇಕೆಂದು ತಿಳಿಯದಷ್ಟು. ಹಾಡನ್ನು ಮುಗಿಸಿದ್ದು ಒಂದರ್ಥದಲ್ಲಿ ಕೇಲ್‌ನ ಕತ್ತರಿ.

ಇನ್ನು ಬಿಟ್ಟ ಹಾಡುಗಳ ಮಾತು. ಇವನ್ನು ಸೋಲು ಎಂದು ಲೆಕ್ಕ ಹಾಕುವವರು ಬೀಟಲ್ಸ್‌ನ ‘ಎ ಡೇ ಇನ್ ದಿ ಲೈಫ್’ ಹುಟ್ಟಿದ ಬಗೆಯನ್ನು ನೋಡಬೇಕು. ಜಾನ್ ಲೆನನ್ ಬಳಿ ಪತ್ರಿಕೆಯ ಸುದ್ದಿಗಳನ್ನಿಟ್ಟುಕೊಂಡು ಬರೆದ ಚರಣಗಳಿದ್ದವು, ನಡುವೆ ಏನು ಬರಬೇಕೆಂದು ಗೊತ್ತಿರಲಿಲ್ಲ. ಪಾಲ್ ಮೆಕಾರ್ಟ್ನಿ ಬಳಿ ಬೆಳಿಗ್ಗೆ ಎದ್ದು ತಲೆ ಬಾಚಿ ಬಸ್ಸು ಹಿಡಿಯುವ ಒಂದು ತುಣುಕಿತ್ತು, ಅದಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ. 1967ರ ಜನವರಿಯಲ್ಲಿ ರೆಕಾರ್ಡಿಂಗ್ ಶುರುವಾದಾಗ ಎರಡರ ನಡುವೆ 24 ಆವರ್ತನೆಗಳಷ್ಟು ಜಾಗ ಖಾಲಿ ಬಿಟ್ಟರು. ಅಲ್ಲಿ ಏನು ತುಂಬಬೇಕು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಸಹಾಯಕ ಮ್ಯಾಲ್ ಇವಾನ್ಸ್ ಗಟ್ಟಿಯಾಗಿ ಎಣಿಸುತ್ತ ಹೋದ, ಲೆಕ್ಕ ಮುಗಿದದ್ದು ತಿಳಿಯಲೆಂದು ಅಲಾರಂ ಗಡಿಯಾರ ಬಾರಿಸಿದರು. ಫೆಬ್ರುವರಿಯಲ್ಲಿ 40 ಮಂದಿಯ ವಾದ್ಯಮೇಳ ಬಂದು ಆ ಖಾಲಿ ಜಾಗವನ್ನು ತುಂಬಿತು. ಅಲಾರಂ ಮಾತ್ರ ಹಾಗೇ ಉಳಿಯಿತು. ಅದರ ಬೆನ್ನಿಗೇ ಬರುವುದು ಪಾಲ್‌ನ ಎದ್ದೇಳುವ ಸಾಲು. ಪಾಲ್ ತನ್ನ ತುಣುಕಿಗೆ ಇನ್ನೆರಡು ಚರಣ ಹೊಂದಿಸಿ, ಮುಗಿಸಿದ ಹಾಡುಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರೆ ಜಾನ್‌ನ ಹಾಡಿಗೆ ನಡುಭಾಗ ಸಿಗುತ್ತಿರಲಿಲ್ಲ.