ಶೋಕಕ್ಕೂ ಅವಧಿಯುಂಟು



ಸಹಚರನು ಅಕಸ್ಮಾತ್ತಾಗಿ ಮೃತನಾದಾಗ ಆಟವನ್ನು ಮುಂದುವರಿಸುವುದು ಯುಕ್ತವೇ? 2014ರ ನವೆಂಬರ್ 25ರಂದು ಸಿಡ್ನಿಯ ಮೈದಾನದಲ್ಲಿ 63 ಓಟ ಗಳಿಸಿ ಆಡುತ್ತಿದ್ದ ಆಸ್ಟ್ರೇಲಿಯದ ಕ್ರಿಕೆಟಿಗ ಫಿಲಿಪ್ ಹ್ಯೂಸ್ ಚೆಂಡಿನ ಪೆಟ್ಟಿಗೆ ಕುಸಿದು, 27ರಂದು ಅಸುನೀಗಿದನು. ವಯಸ್ಸು ಕೇವಲ 25. ಆ ಪಂದ್ಯವನ್ನು ಅಲ್ಲಿಗೇ ಕೈಬಿಟ್ಟರು. ಭಾರತದೊಡನೆ ಡಿಸೆಂಬರ್ 4ರಂದು ಆರಂಭವಾಗಬೇಕಿದ್ದ ಟೆಸ್ಟನ್ನೂ ಮುಂದೂಡಿದರು. 9ರಂದು ಅಡಿಲೇಡಿನಲ್ಲಿ, ಅವನನ್ನು 13ನೆಯ ಆಟಗಾರನೆಂದು ಪಟ್ಟಿಯಲ್ಲಿರಿಸಿಕೊಂಡು ಕಣಕ್ಕಿಳಿದರು. ಮರಣದಿನದಿಂದ ಎಣಿಸಿದರೆ ಅದು 13ನೆಯ ದಿನ. ನಮ್ಮ ಮನೆಗಳಲ್ಲಿ ಶುಭಸ್ವೀಕಾರವಾಗುವುದೂ ಅಂದೇ.

ಶಾಸ್ತ್ರವು ಅಳಬೇಡವೆನ್ನಲಿಲ್ಲ, ಅಳುತ್ತಲೇ ಇರೆಂದೂ ವಿಧಿಸಲಿಲ್ಲ. ಅಶೌಚದಲ್ಲಿ ದೇವಪೂಜೆಗೇ ತಡೆಯಿರುವಾಗ ಆಟದ ಮಾತೇನು? ಆದರೆ ಅವಧಿ ಕಳೆದ ಮೇಲೂ ಕರ್ಮವನ್ನು ತೊರೆದು ಕುಳಿತರೆ ಅದು ಪ್ರೀತಿಯಲ್ಲ, ಮೋಹ. ನಿಲ್ಲಿಸುವುದು ಮೃತನಿಗೆ ಸಲ್ಲುವ ಗೌರವ. ಪುನಃ ಆರಂಭಿಸುವುದು ಉಳಿದವರಿಗೆ ಶ್ರೀಹರಿಯು ಒಪ್ಪಿಸಿದ ಕರ್ತವ್ಯ.

ಶ್ರೀಕೃಷ್ಣಾರ್ಪಣಮಸ್ತು.