ಬಲಕ್ಕೆ ಒಂಚೂರು ಹಿಡ್ಕೊಂಡ್ರೆ ಸಾಕು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮ, "ಶಾರದಾಂಬೆ ನೋಡ್ದೆ ಎರಡು ವರ್ಷ ಆಯ್ತು, ಶೃಂಗೇರಿಗೆ ಕರ್ಕೊಂಡು ಹೋಗ್ತೀಯಾ?" ಅಂದ್ರು. ನಾನು ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದಿದ್ದೆ. ಹಾಗಾಗಿ ಅಣ್ಣನ ಕಾರಿನ ಕೀ ತಗೊಂಡೆ.

ನಮ್ಮನೆ ಇರೋದು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗೋ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ. ಮಣ್ಣುರಸ್ತೆ ದಾಟಿ ಟಾರಿಗೆ ಬಂದ ಮೇಲೇ ಗೊತ್ತಾಗಿದ್ದು, ಸ್ಟೇರಿಂಗ್ ನೆಟ್ಟಗಿಟ್ಟರೆ ಕಾರು ಎಡಕ್ಕೆ ಹೋಗುತ್ತೆ ಅಂತ. ಅಣ್ಣನಿಗೆ ಫೋನ್ ಮಾಡಿದೆ. "ಹೋ, ಅದಾ? ಅದು ಹಂಗೇ ಮಾರಾಯ. ಬಲಕ್ಕೆ ಒಂಚೂರು ಹಿಡ್ಕೊಂಡ್ರೆ ಸಾಕು, ಸೀದಾ ಹೋಗ್ತದೆ," ಅಂದ. ಹಿಡ್ಕೊಂಡೆ. ಸೀದಾ ಹೋಯ್ತು. ಹರಿಹರಪುರ ಬರುವಷ್ಟರಲ್ಲಿ ನನ್ನ ಕೈಗೂ ಅಭ್ಯಾಸವಾಗಿಬಿಟ್ಟಿತ್ತು.

ವಾಪಸ್ ಬರ್ತಾ ಕೊಪ್ಪದಲ್ಲಿ ಒಂದು ಟೈರ್ ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯವರು ಕಾರನ್ನು ಮೇಲೆತ್ತಿ, ಮುಂದಿನ ಚಕ್ರದ ಒಳಮಗ್ಗುಲಿಗೆ ಟಾರ್ಚ್ ಬಿಟ್ಟು, "ಇಲ್ಲಿ ನೋಡಿ ಸಾರ್" ಅಂತ ಕರೆದರು. ಹೊರಗಿನಿಂದ ನೋಡಿದರೆ ಟೈರು ಚೆನ್ನಾಗೇ ಇತ್ತು, ಗೀರುಗಳೆಲ್ಲ ಆಳವಾಗಿದ್ದವು. ಒಳ ಅಂಚು ಮಾತ್ರ ಬೋಳು. ಒಂದು ಕಡೆ ತಂತಿ ಕಾಣ್ತಾ ಇತ್ತು. ಎರಡೂ ಮುಂದಿನ ಚಕ್ರದ್ದು ಅದೇ ಕಥೆ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅಂತ ಕಾನೂನೇ ಹೇಳುತ್ತೆ. ಇಲ್ಲಿ ಅಳೆಯೋದಕ್ಕೆ ಗೀರೇ ಇರಲಿಲ್ಲ.

ಆ ಟೈರಿನ ಮೇಲೆ ಅಣ್ಣ ಹದಿನೈದು ದಿನಕ್ಕೊಮ್ಮೆ ಆಗುಂಬೆ ಘಾಟಿ ಇಳೀತಾ ಇದ್ದ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆದ ಮೇಲೆ ತೋರಿಸೋದು ಮಣಿಪಾಲದಲ್ಲಿ. ಬೆಳಗಿನ ಜಾವ ಹೊರಟು, ಘಾಟಿಯ ಹೇರ್‌ಪಿನ್ ತಿರುವುಗಳನ್ನೆಲ್ಲ ಇಳಿದು, ಹೆಬ್ರಿ ಮೇಲೆ ಮಣಿಪಾಲ. ಸಂಜೆ ಅದೇ ದಾರಿಯಲ್ಲಿ ವಾಪಸ್. ಹಿಂದಿನ ಸೀಟಲ್ಲಿ ಅಪ್ಪ, ಪಕ್ಕದಲ್ಲಿ ಅಮ್ಮ.

ಅಂಗಡಿಯವರು ವಿವರಿಸಿದರು. ಯಾವುದೋ ಗುಂಡಿಗೆ ಬಿದ್ದು ಎಡಗಡೆಯ ಟೈ ರಾಡ್ ಸ್ವಲ್ಪ ಬಗ್ಗಿದೆ. ಎಡ ಚಕ್ರದ ಮೂತಿ ಎಡಕ್ಕೆ ತಿರುಗಿದೆ. ನಾವು ಅದನ್ನು ಸರಿಮಾಡೋಕೆ ಸ್ಟೇರಿಂಗನ್ನು ಬಲಕ್ಕೆ ಹಿಡಿದರೆ ಬಲ ಚಕ್ರದ ಮೂತಿ ಬಲಕ್ಕೆ ತಿರುಗುತ್ತೆ. ಒಂದು ಈ ಕಡೆ ಎಳೆಯುತ್ತೆ, ಇನ್ನೊಂದು ಆ ಕಡೆ. ಎರಡರ ಜಗಳದ ನಡುವೆ ಕಾರು ಸೀದಾ ಹೋಗುತ್ತೆ. ಇದಕ್ಕೆ ಟೋ ಔಟ್ ಅಂತಾರಂತೆ. ರಾತ್ರಿ ಕೂತು ಲೆಕ್ಕ ಹಾಕಿದೆ. ಚಕ್ರ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಡ್ಡ ಉಜ್ಜಿಸಿಕೊಳ್ಳುತ್ತೆ. ನೂರು ಕಿಲೋಮೀಟರ್ ಹೋದರೆ ಒಂದೂ ಮುಕ್ಕಾಲು ಕಿಲೋಮೀಟರ್ ಅಡ್ಡಕ್ಕೆ ದರದರ ಎಳೆದಂತೆ. ಕಾರಿನೊಳಗೆ ಕೂತವರಿಗೆ ಇದು ಒಂಚೂರೂ ತಿಳಿಯಲ್ಲ. ಅವರ ಮಟ್ಟಿಗೆ ಎಲ್ಲಾ ಸರಿಯಾಗೇ ಇದೆ.

ನನಗೆ ಕಸಿವಿಸಿ ಶುರುವಾಗಿದ್ದು ಇಲ್ಲಿ. ಯಾಕಂದ್ರೆ "ಎಲ್ಲಾ ಸರಿಯಾಗೇ ಇದೆ" ಅನ್ನೋದು ನಮ್ಮನೆ ಬಗ್ಗೆ ನಾನು ಆಫೀಸಲ್ಲಿ, ಗೆಳೆಯರಲ್ಲಿ, ಹೆಂಡತಿಯ ಮನೆಯವರಲ್ಲಿ ಹೇಳ್ತಾ ಬಂದಿರೋ ಮಾತು. "ಅಣ್ಣ ಇದಾನೆ, ನೋಡ್ಕೊತಾನೆ." ಸುಳ್ಳೇನಲ್ಲ. ಮನೆ ಸೀದಾ ಹೋಗ್ತಾ ಇದೆ. ಆದರೆ ಹೇಗೆ ಹೋಗ್ತಾ ಇದೆ ಅಂತ ಮೇಲೆತ್ತಿ, ಟಾರ್ಚ್ ಬಿಟ್ಟು ನಾನು ಯಾವತ್ತೂ ನೋಡಿರಲಿಲ್ಲ. ಅರ್ಧ ತೋಟಕ್ಕೆ ಹಳದಿ ಎಲೆ ರೋಗ. ಕೊನೆ ತೆಗೆಯೋರು ಬರ್ತೀವಿ ಅಂದ ದಿನವೇ ಮಣಿಪಾಲದ ಅಪಾಯಿಂಟ್‌ಮೆಂಟ್. ಅತ್ತಿಗೆ ತವರಿಗೆ ಹೋಗಿ ಒಂದು ರಾತ್ರಿ ಉಳಿದು ಬಂದಿದ್ದು ಯಾವಾಗ ಅಂತ ಅವರಿಗೇ ನೆನಪಿಲ್ಲ. ಇದೆಲ್ಲ ಒಳಮಗ್ಗುಲಿನ ಸವೆತ. ಹಬ್ಬಕ್ಕೆ ಬಂದು ಹೋಗೋನಿಗೆ ಕಾಣೋದು ಹೊರಮಗ್ಗುಲು ಮಾತ್ರ.

ಇದರಲ್ಲಿ ನನ್ನ ತಪ್ಪೇನು? ಅಪ್ಪನ ಕಾಯಿಲೆ ನಾನು ತಂದಿದ್ದಲ್ಲ, ರಸ್ತೆಯ ಗುಂಡಿ ನಾನು ತೋಡಿದ್ದಲ್ಲ. ಓದಿಸಿ ಬೆಂಗಳೂರಿಗೆ ಕಳಿಸಿದ್ದು ಇದೇ ಮನೆಯವರು. ಈ ವಾದವನ್ನು ನನ್ನೊಳಗೇ ಎಷ್ಟೋ ಸಲ ಮಾಡಿ ಗೆದ್ದಿದ್ದೇನೆ. ಟೈರಿನ ಮುಂದೆ ನಿಂತಾಗ ಮಾತ್ರ ಈ ವಾದ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಅನ್ನಿಸಿತು. ಗುಂಡಿಗೆ ಬಿದ್ದಿದ್ದು ಯಾರ ತಪ್ಪು ಅನ್ನೋದು ಒಂದು ಪ್ರಶ್ನೆ. ಬಿದ್ದ ಮೇಲೆ ಇಷ್ಟು ದಿನ ಬಲಕ್ಕೆ ಹಿಡ್ಕೊಂಡೇ ಓಡಿಸಿದೆವಲ್ಲ, ಅದು ಇನ್ನೊಂದು. ಮೊದಲನೆಯದಕ್ಕೆ ಯಾರೂ ಹೊಣೆಯಲ್ಲದಿರಬಹುದು. ಎರಡನೆಯದಕ್ಕೆ ಹಾಗೆ ಹೇಳಿ ಪಾರಾಗೋಕಾಗಲ್ಲ.

"ನಾನು ತಿಂಗಳು ತಿಂಗಳು ದುಡ್ಡು ಕಳಿಸ್ತೀನಲ್ಲ?" ಅನ್ನೋದು ನನ್ನ ಇನ್ನೊಂದು ವಾದ. ಇದನ್ನು ಪೂರ್ತಿ ತಳ್ಳಿಹಾಕಲ್ಲ. ಗಾಳಿ ಇಲ್ಲದೆ ಟೈರ್ ಇಲ್ಲ, ಇಡೀ ಕಾರಿನ ಭಾರ ಹೊರೋದು ಗಾಳಿಯೇ. ಆದರೆ ಗಾಳಿ ಸವೆಯಲ್ಲ. ನೆಲಕ್ಕೆ ತಾಗೋದು ರಬ್ಬರು.

ಅಷ್ಟರಲ್ಲಿ ಅಂಗಡಿಯವರು ಡಿಕ್ಕಿ ತೆಗೆದು ಸ್ಟೆಪ್ನಿ ಹೊರಗೆ ಹಾಕಿದರು. ಸ್ಟೆಪ್ನಿ ಅನ್ನೋ ಪದ ಬಂದಿದ್ದು ವೇಲ್ಸ್‌ನ ಒಂದು ಊರಿನ ಸ್ಟೆಪ್ನಿ ಸ್ಟ್ರೀಟ್‌ನಿಂದ. 1900ರ ದಶಕದಲ್ಲಿ ಅಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರ್ತಾ ಇದ್ದರು. ನಮ್ಮ ಕಾರಿನದು ಒಂದು ದಿನವೂ ರಸ್ತೆ ನೋಡಿಲ್ಲ. ಹೊಸ ಟೈರಿನ ಮೇಲಿರೋ ರಬ್ಬರಿನ ಸಣ್ಣ ಕೂದಲು ಕೂಡ ಹಾಗೇ ಇತ್ತು. "ಇದನ್ನೇ ಒಂದು ಕಡೆ ಹಾಕಿಬಿಡಬಹುದಲ್ಲ?" ಅಂದೆ. ಅವರು ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ ತೋರಿಸಿದರು: 2219. ಅಂದರೆ 2019ರ 22ನೇ ವಾರ ತಯಾರಾಗಿದ್ದು. "ಓಡಿಲ್ಲ ನಿಜ ಸಾರ್. ಆದ್ರೆ ರಬ್ಬರ್‌ಗೆ ವಯಸ್ಸಾಗೋದು ಆಗ್ತದೆ. ಸಣ್ಣ ಸಣ್ಣ ಬಿರುಕು ಬಿಟ್ಟಿದೆ ನೋಡಿ. ಪಂಕ್ಚರ್ ಆದ್ರೆ ಕೊಪ್ಪದವರೆಗೆ ಬರೋಕೆ ಸಾಕು. ಇದನ್ನು ನಂಬ್ಕೊಂಡು ಘಾಟಿ ಇಳೀಬೇಡಿ."

ಆ ಕಾರು ತಗೊಂಡಿದ್ದು 2019ರಲ್ಲೇ. ಮುಂಗಡ ದುಡ್ಡು ಕಳಿಸಿದ್ದು ನಾನು. ಆ ಟೈರನ್ನು ನೋಡ್ತಾ ನನ್ನನ್ನೇ ನೋಡಿದ ಹಾಗಾಯ್ತು. ಮನೆಯಲ್ಲಿ ನಾನು ಶಾಂತ ಸ್ವಭಾವದವನು, ಅಣ್ಣ ಸಿಡುಕ ಅಂತ ಎಲ್ಲರ ಅಭಿಪ್ರಾಯ. ಫೋನಲ್ಲಿ ಅಪ್ಪನ ಹತ್ತಿರ ನಾನು ಎಷ್ಟು ತಾಳ್ಮೆಯಿಂದ ಮಾತಾಡ್ತೀನಿ, ಅವನು ಹೇಗೆ ರೇಗ್ತಾನೆ ಅಂತ ಅಮ್ಮನೇ ಹೇಳ್ತಾರೆ. ನನ್ನ ತಾಳ್ಮೆಯ ಗೀರುಗಳು ಹೊಸದಾಗಿರೋದು ನಾನು ಒಳ್ಳೆಯವನು ಅಂತಲ್ಲ, ಅದು ರಸ್ತೆಗೇ ಇಳಿದಿಲ್ಲ ಅಂತ. ನಾವು ಎಷ್ಟೋ ಸಲ ಒಳ್ಳೆಯತನ ಅಂತ ಕರೆಯೋದು ಬರೀ ಬಳಕೆಯಾಗದೇ ಇರೋದನ್ನ.

ಹಾಗಾದರೆ ನಾಲ್ಕೂ ಚಕ್ರ ಸಮನಾಗಿ ಸವೆದರೆ ಅದೇ ನ್ಯಾಯವಾ? ಅದೂ ಅಲ್ಲ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಳೆಯೋದು, ತಿರುಗೋದು ಎರಡೂ ಮುಂದಿನ ಚಕ್ರಗಳ ಕೆಲಸ, ಬ್ರೇಕ್ ಹೊಡೆದಾಗ ಹೆಚ್ಚು ಭಾರ ಬೀಳೋದೂ ಅವುಗಳ ಮೇಲೇ. ಅಲೈನ್‌ಮೆಂಟ್ ಸರಿಯಾಗಿದ್ದರೂ ಅವು ಬೇಗ ಸವೀತಾವೆ. ನಮ್ಮ ಕಡೆಯ ತಿರುವು ರಸ್ತೆಗಳಲ್ಲಂತೂ ಇನ್ನೂ ಜಾಸ್ತಿ. ಅದು ಯಾರ ತಪ್ಪೂ ಅಲ್ಲ, ಜಾಗದ ಗುಣ. ಅದಕ್ಕೇ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕೋದು. ಅವತ್ತು ಬೆಳಗ್ಗೆ ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದಲ್ಲಿ ಅಮ್ಮ ಹನ್ನೆರಡು ರಾಶಿ ಕಂಬಗಳನ್ನು ತೋರಿಸಿ, ಸೂರ್ಯ ಯಾವ ರಾಶಿಯಲ್ಲಿ ಇರ್ತಾನೋ ಆ ಕಂಬಕ್ಕೆ ಬಿಸಿಲು ಬೀಳುತ್ತೆ ಅಂತ ಹಿರಿಯರು ಹೇಳೋದನ್ನು ನನಗೆ ನೂರನೇ ಸಲ ಹೇಳಿದ್ದರು. ಬಿಸಿಲು ಎಲ್ಲರಿಗೂ ಬರುತ್ತೆ, ಸರದಿ ಮೇಲೆ. ಒಂದೇ ಕಂಬ ವರ್ಷವಿಡೀ ನಿಂತು ತಗೊಳ್ಳಲ್ಲ.

ಎರಡು ಹೊಸ ಟೈರ್, ಒಂದು ಟೈ ರಾಡ್, ಅಲೈನ್‌ಮೆಂಟ್ ಎಲ್ಲಾ ಮುಗಿಸಿ ಮನೆಗೆ ಹೋದಾಗ ಕತ್ತಲಾಗಿತ್ತು. ಊಟವಾದ ಮೇಲೆ ಅಣ್ಣನಿಗೆ ಹೇಳಿದೆ: "ಇನ್ನು ಮೂರು ತಿಂಗಳು ಮಣಿಪಾಲಕ್ಕೆ ನಾನು ಕರ್ಕೊಂಡು ಹೋಗ್ತೀನಿ. ಗುರುವಾರ ರಾತ್ರಿ ಬಸ್ಸಿಗೆ ಬರ್ತೀನಿ, ಶುಕ್ರವಾರ ರಜೆ ಹಾಕ್ತೀನಿ. ಆಮೇಲೆ ಹೆಂಗೆ ಅಂತ ಕೂತು ಮಾತಾಡೋಣ." ಅವನು ತಟ್ಟೆ ಎತ್ತುತ್ತಾ, "ಎಂತಕ್ಕೆ? ಟೈರ್ ನೋಡಿ ಹೆದರ್ಕೊಂಡ್ಯಾ?" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಬಂದ್ರೆ ಒಳ್ಳೇದೇ. ಕೊನೆ ತೆಗೆಸೋಕೆ ಒಂದು ದಿನ ಸಿಗ್ತದೆ," ಅಂತ ಸೇರಿಸಿದ.

ಅಲೈನ್‌ಮೆಂಟ್ ಮಾಡಿಸಿದರೆ ಮುಂದಿನ ಸವೆತ ನಿಲ್ಲಬಹುದು. ಹೋದ ರಬ್ಬರ್ ವಾಪಸ್ ಬರಲ್ಲ. ಇದು ನನಗೂ ಗೊತ್ತು, ಅವನಿಗೂ ಗೊತ್ತು.

ಮರುದಿನ ಬೆಳಗ್ಗೆ ನನ್ನನ್ನು ಕೊಪ್ಪ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಅಣ್ಣನೇ ಕಾರು ತೆಗೆದ. ಟಾರ್ ರಸ್ತೆಗೆ ಬಂದು ಸ್ವಲ್ಪ ದೂರ ಹೋದ ಮೇಲೆ, "ಎಂತ ಮಾಡಿದಾರೆ ಇದಕ್ಕೆ? ಈಗ ಬಲಕ್ಕೆ ಎಳೀತದಲ್ಲ," ಅಂದ. ನೋಡಿದೆ. ಕಾರು ಎಳೀತಾ ಇರಲಿಲ್ಲ. ಅವನ ಕೈ ಇನ್ನೂ ಬಲಕ್ಕೆ ಹಿಡ್ಕೊಂಡೇ ಇತ್ತು.

"ಕೈ ಸ್ವಲ್ಪ ಸಡಿಲ ಬಿಡು," ಅಂದೆ. ಬಿಟ್ಟ. ಕೊಪ್ಪ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.